ವಾಲ್ವಿನ ಕತ್ತಿಗೆ ಹೆಸರು ಹಾಕಿಸಿದ್ದು

ನನಗೆ ಒಂದು ಕಡೆ ಕೂರುವ ಅಭ್ಯಾಸ ಮೊದಲಿನಿಂದಲೂ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎಂದು ಅಮ್ಮ ಬೈಯುತ್ತಿದ್ದಳು. ಈಗ ಮಂಡಿ ಹಿಡಿದಿದೆ, ಆದರೂ ಕಾಫಿಯನ್ನು ನಿಂತೇ ಕುಡಿಯುತ್ತೇನೆ. ಇದು ಹುಟ್ಟುಗುಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಒಂದು ವರ್ಷ ಪೂರ್ತಿ ನನಗೆ ಹತ್ತಿದ್ದ ಚಡಪಡಿಕೆ ಮಾತ್ರ ಬೇರೆ ಥರದ್ದು. ಆಗ ನಾನು ದೊಡ್ಡಬಳ್ಳಾಪುರದಲ್ಲಿ ಒಬ್ಬ ಬಸ್ ಮಾಲೀಕರ ಶೆಡ್ಡಿನಲ್ಲಿ ಮೆಕ್ಯಾನಿಕ್ಕಾಗಿದ್ದೆ. ಊಟ, ನಿದ್ದೆ ಎರಡೂ ಅಕ್ಕನ ಮನೆಯಲ್ಲಿ. ಭಾವನಿಗೆ ಮೋಟಾರ್ ಸೈಕಲ್ ರೇಸಿನ ಹುಚ್ಚು. ಅವರ ಗಾಡಿಯ ಎಂಜಿನ್ನಿಗೆ ಮುರಿಯದಂಥ ಒಂದು ವಾಲ್ವು ಮಾಡಿಕೊಡುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅಕ್ಕನ ಗಂಡ ನೆಟ್ಟಗೆ ಮನೆಗೆ ವಾಪಸ್ಸು ಬರುತ್ತಾರೋ ಇಲ್ಲವೋ ಎನ್ನುವುದು ಬೆರಳುದ್ದದ ಒಂದು ಉಕ್ಕಿನ ತುಂಡಿನ ಮೇಲೆ ನಿಂತಿತ್ತು.

ಭಾವ ತೂಬಗೆರೆ ಕಡೆಯ ಒಕ್ಕಲು ಮನೆತನದವರು. ಯುದ್ಧದ ಕಾಲದಲ್ಲಿ ಮಿಲಿಟರಿ ಸೇರಿ, ಟಪಾಲು ಒಯ್ಯುವ ಮೋಟಾರ್ ಸೈಕಲ್ ಓಡಿಸಿಕೊಂಡು ಊರೂರು ತಿರುಗಿದ್ದವರು. ವಾಪಸ್ಸು ಬಂದ ಮೇಲೆ ನೇಗಿಲು ಹಿಡಿಯುವುದು ಅವರಿಂದ ಆಗಲಿಲ್ಲ. ಜಮೀನನ್ನು ಅಣ್ಣಂದಿರಿಗೆ ಒಪ್ಪಿಸಿ ದೊಡ್ಡಬಳ್ಳಾಪುರದಲ್ಲಿ ಮನೆ ಮಾಡಿದರು, ನಮ್ಮ ಮಾಲೀಕರ ಬಸ್ಸಿಗೇ ಡ್ರೈವರಾದರು. ಮಿಲಿಟರಿಯವರು ಹಳೇ ಸಾಮಾನು ಹರಾಜು ಹಾಕಿದಾಗ ಒಂಟಿ ಸಿಲಿಂಡರಿನ ಒಂದು ಮೋಟಾರ್ ಸೈಕಲ್ ತಂದು ಹಟ್ಟಿಯಲ್ಲಿ ಎಮ್ಮೆಯ ಪಕ್ಕ ನಿಲ್ಲಿಸಿದರು. ಎಮ್ಮೆ ಎರಡು ದಿನ ಹಾಲು ಕೊಡಲಿಲ್ಲ. ಅಕ್ಕ ಅದನ್ನು ಬಹಳ ಕಾಲ ಆಡಿಕೊಂಡಳು.

ದೇವನಹಳ್ಳಿ ರಸ್ತೆಯಿಂದ ಒಳಕ್ಕೆ, ಯುದ್ಧದಲ್ಲಿ ವಿಮಾನ ಇಳಿಸುವುದಕ್ಕೆಂದು ಮಾಡಿದ್ದ ಒಂದು ಪಟ್ಟಿ ಪಾಳು ಬಿದ್ದಿತ್ತು. ಬೆಂಗಳೂರು ದಂಡಿನ ಹುಡುಗರೂ ರಜೆಯಲ್ಲಿದ್ದ ಕೆಲವು ಆಫೀಸರುಗಳೂ ಸೇರಿ, ರಾಗಿ ಕಟಾವಾದ ಮೇಲೆ ವರ್ಷಕ್ಕೊಮ್ಮೆ ಅಲ್ಲಿ ರೇಸು ಇಟ್ಟುಕೊಳ್ಳುತ್ತಿದ್ದರು. ಬೂಟು, ಚರ್ಮದ ಕೋಟು, ಕನ್ನಡಕದ ಮಂದಿ. ಅವರ ನಡುವೆ ರಾಗಿ ಮುದ್ದೆ ಉಂಡು ಹೋದವರೆಂದರೆ ಭಾವ ಒಬ್ಬರೇ. ಮೊದಲ ಸಲ ಎಲ್ಲರಿಗಿಂತ ಹಿಂದೆ ಉಳಿದರು. ಎರಡನೇ ಸಲ ಎಲ್ಲರಿಗಿಂತ ಮುಂದಿದ್ದರು, ಮುಂದಿದ್ದಾಗಲೇ ವಾಲ್ವು ಮುರಿಯಿತು.

ವಾಲ್ವು ಎಂದರೆ ಉದ್ದ ಕಾಲಿನ ಉಕ್ಕಿನ ಅಣಬೆ ಎಂದುಕೊಳ್ಳಿ. ಎಂಜಿನ್ನಿನ ಒಳಗೆ ಬೆಂಕಿ ಹೊತ್ತಿ ಹೊಗೆ ಹೊರಗೆ ಹೋಗಬೇಕಲ್ಲ, ಆ ಬಾಗಿಲನ್ನು ತೆರೆದು ಮುಚ್ಚುವುದು ಇದರ ಕೆಲಸ. ಒಂದು ಕಡ್ಡಿ ಅದನ್ನು ತಳ್ಳಿ ತೆರೆಯುತ್ತದೆ, ಸ್ಪ್ರಿಂಗು ಎಳೆದು ಮುಚ್ಚುತ್ತದೆ. ಬಸ್ಸಿನಲ್ಲಾದರೆ ಈ ಕೆಲಸ ಸಾವಕಾಶವಾಗಿ ನಡೆಯುತ್ತದೆ. ರೇಸಿನಲ್ಲಿ ಕಣ್ಣು ಪಿಳುಕಿಸುವಷ್ಟರಲ್ಲಿ ಎಷ್ಟೋ ಸಲ, ಅದೂ ಕೆಂಪಗೆ ಕಾದುಕೊಂಡು. ಆ ದಿನ ಭಾವನ ಎಂಜಿನ್ನಿನಲ್ಲಿ ಅಣಬೆಯ ತಲೆ ಕತ್ತಿನ ಹತ್ತಿರ ಕಳಚಿ ಒಳಗೆ ಬಿತ್ತು. ಎಂಜಿನ್ನು ಕಚ್ಚಿಕೊಂಡಿತು, ಹಿಂದಿನ ಗಾಲಿ ನಿಂತೇಹೋಯಿತು, ಭಾವ ಎಗರಿ ಜಲ್ಲಿಯ ಮೇಲೆ ಬಿದ್ದರು. ಪಟ್ಟಿಯ ಪಕ್ಕದಲ್ಲಿ ನಿಂತಿದ್ದ ನನಗೆ ಮೊದಲು ಗೊತ್ತಾದದ್ದು ಸದ್ದು ನಿಂತದ್ದು. ಆ ಸದ್ದಿಲ್ಲದ ಹೊತ್ತು ಈಗಲೂ ಒಮ್ಮೊಮ್ಮೆ ಕಿವಿಗೆ ಬರುತ್ತದೆ.

ಎಡ ಭುಜ ಪುಡಿಯಾಗಿತ್ತು. ಕೂಡಿಕೊಂಡ ಮೇಲೂ ಕೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಬಸ್ಸಿನ ಚಕ್ರ ಹಿಡಿಯುವುದಕ್ಕೆ ಏನೂ ಅಡ್ಡಿಯಾಗಲಿಲ್ಲ, ಅಂಗಿ ತೊಡುವುದಕ್ಕೆ ಮಾತ್ರ ಅಕ್ಕ ಬೇಕು. ದಿನಾ ಬೆಳಗ್ಗೆ ಅವಳು ತೋಳು ಹಿಡಿದು ನಿಲ್ಲುತ್ತಿದ್ದಳು, ಇವರು ಹಲ್ಲು ಕಚ್ಚಿ ಕೈ ತೂರಿಸುತ್ತಿದ್ದರು. ಹಾಗೆ ತೂರಿಸುತ್ತಲೇ ಒಂದು ಬೆಳಗ್ಗೆ, "ಮುಂದಿನ ಸಲ ಗೆದ್ದೇ ಗೆಲ್ತೀನಿ," ಎಂದರು. ಅಕ್ಕ ಗುಂಡಿ ಹಾಕಿ ಮುಗಿಸಿದಳು. ಅವರು ಡ್ಯೂಟಿಗೆ ಹೋದ ಮೇಲೆ ನನ್ನನ್ನು ಹಿಡಿದುಕೊಂಡಳು.

"ನಾನು ಬೇಡ ಅಂದ್ರೆ ಕೇಳೋ ಜನ ಅಲ್ಲ ಅವ್ರು. ಅಂದೂ ಆಯ್ತು, ಅತ್ತೂ ಆಯ್ತು. ಈಗ ನಿನಗೆ ಹೇಳ್ತೀನಿ ಕೇಳು. ಅದರೊಳಗೆ ಏನ್ ಹಾಕ್ತೀಯೋ, ಹೆಂಗ್ ಹಾಕ್ತೀಯೋ ನನಗೆ ಗೊತ್ತಿಲ್ಲ. ಏನಾದ್ರೂ ಆದ್ರೆ ನಾನು ದೇವ್ರನ್ನ ಕೇಳೋಲ್ಲ, ನಿನ್ನ ಕೇಳ್ತೀನಿ."

ಅಲ್ಲಿಂದ ಶುರುವಾಯಿತು ನನ್ನ ಚಡಪಡಿಕೆ. ಉಣ್ಣುವಾಗ ವಾಲ್ವು, ಬಸ್ಸಿನ ಕೆಳಗೆ ಮಲಗಿ ಗ್ರೀಸು ಹಚ್ಚುವಾಗ ವಾಲ್ವು. ಮುರಿದ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಒಂದು ದಿನ ಕಾಲನ್ನೂ ತಲೆಯನ್ನೂ ಜೋಡಿಸಿ ಹೊಸ ವಾಲ್ವಿನ ಪಕ್ಕ ಇಟ್ಟು ನೋಡಿದರೆ, ಮುರಿದದ್ದೇ ಉದ್ದವಿತ್ತು. ಮುರಿಯುವ ಮುಂಚೆ ಅದು ಎಳೆದುಕೊಂಡು ಉದ್ದವಾಗಿತ್ತು, ಕತ್ತು ಸಣ್ಣಗಾಗಿತ್ತು. ತಣ್ಣಗಿದ್ದಾಗ ಗಟ್ಟಿ ಇರುವ ಉಕ್ಕು ಕೆಂಪಗೆ ಕಾದಾಗ ಬೆಲ್ಲದ ಪಾಕದ ಥರ ಆಗುತ್ತದೆ. ನನಗೆ ಬೇಕಾದ್ದು ಕಾದಾಗಲೂ ಗಟ್ಟಿ ಇರುವುದು.

ಬೆಂಗಳೂರಿನ ಗುಜರಿ ಬಜಾರಿನಲ್ಲಿ ಆಗ ವಿಮಾನದ ಎಂಜಿನ್ನುಗಳ ಬಿಡಿಭಾಗ ರಾಶಿ ಬಿದ್ದಿರುತ್ತಿತ್ತು. ವಿಮಾನದ ಎಂಜಿನ್ನು ಗಂಟೆಗಟ್ಟಲೆ ಬಿಸಿಯಲ್ಲೇ ಇರುವುದು ತಾನೆ, ಅದರ ವಾಲ್ವು ಒಳ್ಳೆಯ ಜಾತಿಯ ಉಕ್ಕೇ ಇರಬೇಕು ಎಂದು ನನ್ನ ಲೆಕ್ಕ. ದಪ್ಪ ಕಾಲಿನ ಭಾರಿ ವಾಲ್ವೊಂದನ್ನು ಆರಿಸಿ ತಂದೆ. ಹಟ್ಟಿಯಲ್ಲಿ ಕೂತು ಗರಗಸದಿಂದ ಕಾಲನ್ನು ಕೊಯ್ದರೆ ಒಳಗೆ ಟೊಳ್ಳು, ಟೊಳ್ಳಿನಲ್ಲಿ ಬೆಳ್ಳಿಯ ಥರ ಹೊಳೆಯುವ ಮೆತ್ತನೆಯ ಏನೋ ತುಂಬಿತ್ತು. ಕೊಯ್ದ ಬಿಸಿಗೆ ಅದು ಕೈ ಸುಡುತ್ತಿತ್ತು, ಆರಿಸೋಣ ಎಂದು ಎಮ್ಮೆಯ ಕಲ್ಲುಬಾನಿಯ ನೀರಿಗೆ ಅದ್ದಿದೆ. ಢಂ ಎಂದು ನೀರಿನಿಂದಲೇ ಬೆಂಕಿ ಎದ್ದಿತು. ನನ್ನ ಹುಬ್ಬು ಸುಟ್ಟುಹೋಯಿತು, ಎಮ್ಮೆ ಹಗ್ಗ ಕಿತ್ತುಕೊಂಡು ಬೀದಿಗೆ ಓಡಿತು. ಶಾಖ ಬೇಗ ಹರಿಯಲಿ ಎಂದು ವಿಮಾನದವರು ಅದರೊಳಗೆ ಸೋಡಿಯಂ ತುಂಬುತ್ತಾರೆ, ಅದಕ್ಕೂ ನೀರಿಗೂ ಆಗಿಬರುವುದಿಲ್ಲ ಎಂದು ಆಮೇಲೆ ತಿಳಿಯಿತು.

ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಒಲೆಗೆ ಹಚ್ಚಿದ್ದು ಸಾಲ್ದು ಅಂತ ನೀರಿಗೂ ಬೆಂಕಿ ಹಚ್ಚೋಕೆ ಶುರು ಮಾಡಿದ್ಯಾ? ಹೋಗು, ಎಮ್ಮೆ ಹಿಡ್ಕೊಂಡು ಬಾ."

ಎರಡನೇ ಸಲ ಚಿಕ್ಕ ವಿಮಾನದ್ದು, ಕಲಿಯುವವರು ಹಾರಿಸುತ್ತಿದ್ದಂಥದ್ದರ ವಾಲ್ವು ಸಿಕ್ಕಿತು. ಟೊಳ್ಳಿಲ್ಲದ ಇಡಿಯ ಉಕ್ಕು. ಒಳ್ಳೆಯ ಸ್ಥಿತಿಯಲ್ಲಿ ಇದ್ದದ್ದು ಒಂದೇ. ಅಯಸ್ಕಾಂತ ಹಿಡಿದರೆ ಅಂಟಲಿಲ್ಲ, ಅದು ಬೇರೆಯೇ ಜಾತಿ ಎಂದು ಆಗಲೇ ಖಾತ್ರಿಯಾಯಿತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಯುದ್ಧದ ಕಾಲದಲ್ಲಿ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವಲ್ಲ, ಆ ಒಲೆಗಳು ಶೆಡ್ಡಿನ ಹಿಂದೆ ತುಕ್ಕು ಹಿಡಿಯುತ್ತಿದ್ದವು. ಒಂದಕ್ಕೆ ಇದ್ದಿಲು ತುಂಬಿ ಹೊತ್ತಿಸಿದೆ. ಅಂಗಡಿಯ ಹೊಸ ವಾಲ್ವು, ಮಿಲಿಟರಿ ಲಾರಿಯ ವಾಲ್ವು, ವಿಮಾನದ್ದು, ಮೂರನ್ನೂ ತಲೆಕೆಳಗಾಗಿ ಕಟ್ಟಿ, ಕತ್ತು ಬೆಂಕಿಯಲ್ಲಿರುವಂತೆ ಮಾಡಿ, ಒಂದೊಂದಕ್ಕೂ ಒಂದೇ ತೂಕದ ಕಲ್ಲು ತೂಗುಬಿಟ್ಟೆ. ಅಂಗಡಿಯದು ಊಟದ ಹೊತ್ತಿಗೆ ಜೋಲಿತು. ಲಾರಿಯದು ಸಂಜೆಯವರೆಗೆ ತಡೆದು ಕರಿ ಹೊಪ್ಪಳೆ ಎದ್ದಿತು. ವಿಮಾನದ್ದು ಜಪ್ಪಯ್ಯ ಎನ್ನಲಿಲ್ಲ. ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

ಅದನ್ನು ನಮ್ಮ ಅಳತೆಗೆ ಇಳಿಸಬೇಕಿತ್ತು. ಪೇಟೆಯಲ್ಲಿ ಮಗ್ಗದ ಬಿಡಿಭಾಗ ಮಾಡುತ್ತಿದ್ದ ಒಬ್ಬ ಸಾಬರ ಹತ್ತಿರ ಉಕ್ಕು ಕಡೆಯುವ ಲೇತು ಯಂತ್ರ ಇತ್ತು. ಅವರು ಒಂದು ಸುತ್ತು ಕೊರೆದು ನಿಲ್ಲಿಸಿದರು. "ಏನಪ್ಪಾ ಇದು, ಮುಟ್ಟಿದ್ರೆ ಮುನಿಸ್ಕೊಳ್ತದೆ. ಮೆಲ್ಲಗೆ ಕೆರೆದ್ರೆ ಅಲ್ಲೇ ಗಟ್ಟಿ ಆಗ್ಬಿಡ್ತದೆ." ನಾವಿಬ್ಬರೂ ಹಲವು ಉಳಿ ಹಾಳು ಮಾಡಿ ಕಲಿತದ್ದಿಷ್ಟು: ಈ ಉಕ್ಕನ್ನು ಹರಿತ ಉಳಿಯಿಂದ ಒಂದೇ ಸಲ ಆಳವಾಗಿ ಕಚ್ಚಬೇಕು, ಸವರಬಾರದು. ನಾನು ಅವರ ಹೆಗಲ ಮೇಲೆ ಬಗ್ಗಿ ಬಗ್ಗಿ ನೋಡುವುದನ್ನು ತಾಳಲಾರದೆ ಅವರು ನನ್ನನ್ನು ಬೀಡಿ ತರುವುದಕ್ಕೆ ಕಳಿಸುತ್ತಿದ್ದರು. ಬೀಡಿ ಸೇದದ ಮನುಷ್ಯ.

ವಾಲ್ವು ಒಂದಾದರೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಆ ಉಕ್ಕಿನ ತುದಿ ಬಡಿತಕ್ಕೆ ಚಪ್ಪಟೆಯಾಗುತ್ತದೆ, ಅದನ್ನು ಕಾಯಿಸಿ ಅದ್ದಿ ಗಟ್ಟಿ ಮಾಡಲು ಬರುವುದಿಲ್ಲ. ಹಾಗಾಗಿ ತುದಿಗೆ ಬೇರೆ ಉಕ್ಕಿನ ಪುಟ್ಟ ಟೋಪಿ ಬೇಕಾಯಿತು. ವಾಲ್ವು ಜಾರುವ ಬೀಡು ಕಬ್ಬಿಣದ ಕೊಳವೆಯಲ್ಲಿ ಅದು ಕಚ್ಚಿಕೊಳ್ಳುತ್ತದೆ, ಅದಕ್ಕೆ ಕಂಚಿನ ಕೊಳವೆ ಬೇಕಾಯಿತು. ಸಾಬರು ಹಳೇ ಪಂಪಿನಿಂದ ಕಂಚು ಕಿತ್ತು ಕೊರೆದುಕೊಟ್ಟರು. ಆಮೇಲೆ ಸ್ಪ್ರಿಂಗು. ಹಳೆಯ ಸ್ಪ್ರಿಂಗು ರೇಸಿನ ವೇಗಕ್ಕೆ ಸೋತು, ವಾಲ್ವು ಹೊತ್ತಿಗೆ ಸರಿಯಾಗಿ ಮುಚ್ಚದೆ ತೇಲುತ್ತದೆ. ಒಂದರೊಳಗೊಂದು ಕೂರುವ ಜೋಡಿ ಸ್ಪ್ರಿಂಗು ತಂದೆ. ಅದರ ಬಿಗಿಗೆ ತಳ್ಳುವ ಕಡ್ಡಿ ಬಾಗಿತು. ವಿಮಾನದ ರೆಕ್ಕೆಯೊಳಗಿನ ಹಗುರ ಕೊಳವೆ ಕತ್ತರಿಸಿ, ಎರಡೂ ತುದಿಗೆ ಉಕ್ಕು ಕೂರಿಸಿ ಹೊಸ ಕಡ್ಡಿ ಮಾಡಿದೆ.

ಇದನ್ನೆಲ್ಲ ನಾನು ಹೇಳುತ್ತಿದ್ದುದು ಊಟದ ಹೊತ್ತಿನಲ್ಲಿ. ಭಾವ ಮುದ್ದೆ ಮುರಿಯುತ್ತಾ ತಲೆದೂಗುತ್ತಿದ್ದರು. ಅಕ್ಕ ಸೊಪ್ಪಿನ ಸಾರು ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ಒಂದನ್ನ ಗಟ್ಟಿ ಮಾಡಿದ್ರೆ ಪೆಟ್ಟು ಪಕ್ಕದ್ದಕ್ಕೆ ಹೋಗುತ್ತೆ ಅಕ್ಕ. ಅದನ್ನ ಗಟ್ಟಿ ಮಾಡಿದ್ರೆ ಅದರಾಚೆದಕ್ಕೆ."

"ಎಲ್ಲಾ ಗಟ್ಟಿ ಆದ್ಮೇಲೆ?"

"ಆಮೇಲೆ ಏನೂ ಮುರಿಯೋಲ್ಲ."

ಅವಳು ಭಾವನ ಎಡ ಭುಜದ ಕಡೆ ನೋಡಿ, ಸಾರಿನ ಸೌಟನ್ನು ಹಿಡಿದುಕೊಂಡೇ ಒಳಗೆ ಹೋದಳು.

ಇನ್ನೊಂದು ದಿನ ಭಾವ ಹೊಸ ಸ್ಪ್ರಿಂಗನ್ನು ಇಕ್ಕಳದಿಂದ ಹಿಡಿದು ಎತ್ತಿದ್ದಕ್ಕೆ ನಾನು ಸೂರು ಹಾರಿಹೋಗುವ ಹಾಗೆ ಕೂಗಾಡಿದೆ. ಇಕ್ಕಳದ ಹಲ್ಲು ಗೀರು ಹಾಕಿತ್ತು. ಆ ಸ್ಪ್ರಿಂಗನ್ನು ಅಲ್ಲೇ ಎತ್ತಿ ಹಿತ್ತಲಿಗೆ ಎಸೆದೆ. ಅಷ್ಟು ಸಣ್ಣ ಗೀರಿಗೆ ಇಷ್ಟು ರಂಪವೇ ಎಂದು ಅಕ್ಕ ಕೇಳಿದಳು.

"ಜವಳಿ ಅಂಗಡಿಯೋನು ಬಟ್ಟೆ ಹರಿಯೋಕೆ ಮುಂಚೆ ಏನ್ ಮಾಡ್ತಾನೆ? ಅಂಚಿಗೆ ಕತ್ತರೀಲಿ ಒಂಚೂರು ಕಚ್ಚು ಹಾಕ್ತಾನೆ. ಕಚ್ಚಿಲ್ದೆ ನೀನು ಎಷ್ಟು ಎಳೆದ್ರೂ ಹರಿಯೋಲ್ಲ, ಕಚ್ಚು ಬಿದ್ರೆ ಚರ್ರಂತ ಹೋಗುತ್ತೆ. ಉಕ್ಕೂ ಅಷ್ಟೇ. ಎಂಥಾ ಜಾತಿ ಉಕ್ಕಾದ್ರೂ ಗೀರು ಬಿದ್ದ ಕಡೆಯಿಂದ ಬಾಯಿ ಬಿಡುತ್ತೆ."

"ಹೋದ ಸಲ ಮುರಿದಿತ್ತಲ್ಲ, ಎಲ್ಲಿ ಅದು?"

ನಾನು ಜೇಬಿನಿಂದ ತುಂಡು ತೆಗೆದು ಕತ್ತನ್ನು ತೋರಿಸಿದೆ. ಅವಳು ಅದನ್ನು ಬೆರಳಲ್ಲಿ ಸವರಿ ನೋಡಿ ವಾಪಸ್ಸು ಕೊಟ್ಟಳು.

ಶೆಡ್ಡಿನಲ್ಲಿ ಇಟ್ಟ ಸಾಮಾನು ಇಟ್ಟ ಕಡೆ ಇರುತ್ತಿರಲಿಲ್ಲ. ಡ್ರೈವರು, ಕ್ಲೀನರು ಯಾರು ಬೇಕಾದರೂ ಎತ್ತಿಕೊಂಡು ಹೋಗುತ್ತಿದ್ದರು. ಹೀಗಾಗಿ ಸಿದ್ಧವಾದ ವಾಲ್ವಿಗೆ ಹರಳೆಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟೆ. ಅವಳು ಅದನ್ನು ಅಡುಗೆಮನೆಯ ಡಬ್ಬಿಯಲ್ಲಿಟ್ಟಳು. ರೇಸಿಗೆ ಇನ್ನು ಕೆಲವೇ ದಿನ ಇತ್ತು. ಅದೇ ದಿನಗಳಲ್ಲಿ ಸೂಲಿಬೆಲೆಯಲ್ಲಿ ನೆಂಟರ ಮನೆಯ ಮದುವೆ. ನಮ್ಮ ಹಂಡೆ, ಕೊಳಗ, ತಪ್ಪಲೆಗಳೆಲ್ಲ ಅಲ್ಲಿಗೆ ಹೋಗಬೇಕು. ಹತ್ತು ಮನೆಯ ಪಾತ್ರೆ ಬೆರೆಯುವ ಕಡೆ ಹೆಸರಿಲ್ಲದೆ ಕಳಿಸಿದರೆ ವಾಪಸ್ಸು ಬರುವುದು ಯಾರದೋ ತೂತು ಕೊಳಗ. ಹೆಸರು ಹಾಕುವವನು ಒಂದು ಬೆಳಗ್ಗೆ ಬಂದು ಜಗಲಿಯ ಮೇಲೆ ಕೂತು, ಪುಟ್ಟ ಉಳಿ ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸತೊಡಗಿದ. ಟಿಕ್ ಟಿಕ್ ಸದ್ದು ಕೇಳಿಕೊಂಡೇ ನಾನು ಶೆಡ್ಡಿಗೆ ಹೋದೆ.

ರೇಸಿನ ಹಿಂದಿನ ದಿನ ಮಧ್ಯಾಹ್ನ ಎಂಜಿನ್ನನ್ನು ಜೋಡಿಸಲು ಕೂತೆವು. ಭಾವ ರಜ ಹಾಕಿದ್ದರು, ಬೆಳಗ್ಗೆಯಿಂದ ಅವರ ಮುಖದಲ್ಲಿ ಮದುವೆ ಗಂಡಿನ ಕಳೆ. ಅಕ್ಕ ಡಬ್ಬಿ ತಂದು ಇಟ್ಟಳು. ನಾನು ಬಟ್ಟೆ ಬಿಚ್ಚಿ, ಎಣ್ಣೆ ಒರೆಸಿ, ಎಂದಿನಂತೆ ಬೆಳಕಿಗೆ ಹಿಡಿದು ತಿರುಗಿಸಿದೆ. ಕತ್ತಿನ ಸುತ್ತ, ತಲೆಗೆ ಸೇರುವ ಕಡೆಯಲ್ಲೇ, ಸಾಲಾಗಿ ಚುಕ್ಕಿಗಳು. ಭಾವನ ಹೆಸರಿನ ಮೊದಲ ಅಕ್ಷರ. ಅಂದವಾಗಿಯೇ ಬಂದಿತ್ತು.

"ಏನಿದು?" ಎಂದು ಕೇಳಿದೆ, ಆದರೆ ಕೇಳಿದ್ದು ಯಾರನ್ನೋ ನನಗೇ ಗೊತ್ತಿರಲಿಲ್ಲ.

"ಪಾತ್ರೆಗಳ ಜೊತೆ ಅದಕ್ಕೂ ಹಾಕಿಸ್ದೆ," ಎಂದಳು ಅಕ್ಕ. "ನಿಮ್ ಶೆಡ್ನಲ್ಲಿ ಎಲ್ಲಾ ಕಳೆದುಹೋಗುತ್ತೆ ಅಂತಿದ್ಯಲ್ಲ."

"ಕತ್ತಿನ ಮೇಲಾ?"

"ಪಾತ್ರೆಗೂ ಕಂಠದ ಹತ್ರಾನೇ ತಾನೆ ಹಾಕಿಸೋದು. ತಿಕ್ಕೋವಾಗ ಸವೆಯೋಲ್ಲ."

ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿ ಜೋರು, ನನಗೆ ತುಸು ಹೆಚ್ಚು. ಭಾವನೂ ಸೇರಿಕೊಂಡು, "ಹೆಂಗಸ್ರ ಕೈಗೆ ಕೊಟ್ಟಿದ್ದೇ ತಪ್ಪಾಯ್ತು," ಎಂದರು. ಅಕ್ಕ ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡಳು. ಒಂದು ಮಾತಿಗೆ ನಾಲ್ಕು ಮಾತು ತಿರುಗಿಸುವ ನಮ್ಮಕ್ಕ ಬಾಯಿ ಮುಚ್ಚಿಕೊಂಡು ನಿಂತದ್ದು ಆ ಸಿಟ್ಟಿನಲ್ಲೂ ನನಗೆ ವಿಚಿತ್ರವೆನಿಸಿತು. ತಪ್ಪಿನ ಅರಿವಾಗಿರಬೇಕು ಎಂದುಕೊಂಡೆ.

ಎಮರಿ ಕಾಗದ ಸುತ್ತಿ ಉಜ್ಜಲು ಕೂತೆ. ಚುಕ್ಕಿಗಳು ಒಂದೊಂದಾಗಿ ಮಾಯವಾದವು. ಜಗಲಿಯ ಮೇಲೆ ಬಿಸಿಲು ಸರಿದಂತೆ ನಾನೂ ಸರಿದು ಸರಿದು ಕೂತು ಉಜ್ಜಿದೆ. ಕೊನೆಗೆ ಒಂದೇ ಒಂದು ಚುಕ್ಕಿ ಉಳಿಯಿತು. ಬೇರೆಯವಕ್ಕಿಂತ ಆಳವಾಗಿತ್ತು. ಅದು ಹೋಗುವವರೆಗೂ ಉಜ್ಜಿದರೆ ಕತ್ತು ಸಣ್ಣಗಾಗುತ್ತದೆ, ಬಿಟ್ಟರೆ ಚುಕ್ಕಿ ಇರುತ್ತದೆ. ಬೆರಳಿನಿಂದ ಸವರಿದರೆ ಇದೆಯೋ ಇಲ್ಲವೋ ಎನ್ನುವಷ್ಟು. ಎದ್ದು ಬೀದಿಯ ಕೊನೆಯವರೆಗೂ ಹೋಗಿ ಬಂದೆ. ಮತ್ತೆ ಸವರಿದೆ. ಮತ್ತೆ ಹೋಗಿ ಬಂದೆ. ಬೇರೆ ವಾಲ್ವು ಮಾಡುವ ಮಾತೇ ಇರಲಿಲ್ಲ. ಗುಜರಿಯ ಆ ರಾಶಿ ಯಾವಾಗಲೋ ಕುಲುಮೆಗೆ ಹೋಗಿತ್ತು.

"ಕಾಣೋದೇ ಇಲ್ಲ ಬಿಡೋ," ಎಂದರು ಭಾವ. "ಹಾಕು."

ಅದು ತಡೆದರೂ ತಡೆಯುತ್ತಿತ್ತೇನೋ. ಒಂದು ಚುಕ್ಕಿ ತಾನೆ. ಆದರೆ ಆ ವರ್ಷವೆಲ್ಲ ನಾನು ಓಡಿದ್ದು 'ತಡೆಯಬಹುದು' ಎನ್ನುವ ಮಾತಿನಿಂದ ತಪ್ಪಿಸಿಕೊಳ್ಳುವುದಕ್ಕೇ ಆಗಿತ್ತು. ವಾಲ್ವನ್ನು ಜೇಬಿಗೆ ಹಾಕಿಕೊಂಡೆ.

"ಹಾಕೋಲ್ಲ ಭಾವ."

"ಹಂಗಾದ್ರೆ ಅಂಗಡೀದು ಇದೆಯಲ್ಲ, ಅದನ್ನೇ ಹಾಕು. ನಿಧಾನಕ್ಕೆ ಓಡಿಸ್ತೀನಿ."

"ನೀವು ನಿಧಾನಕ್ಕೆ ಓಡಿಸೋರಾಗಿದ್ರೆ ನಾನು ಒಂದು ವರ್ಷ ಯಾಕೆ ಹಿಂಗ್ ಸಾಯ್ತಿದ್ದೆ?"

ಅವರು ನನ್ನ ಮುಖವನ್ನೇ ನೋಡಿದರು. ಬೇಡಿಕೊಳ್ಳುವ ಕಣ್ಣು. ಮಿಲಿಟರಿ ಕಂಡ ಮನುಷ್ಯ ನನ್ನಂಥವನ ಮುಂದೆ ಹಾಗೆ ನಿಂತಿದ್ದರು. ಆದರೂ ಆಗುವುದಿಲ್ಲ ಎಂದೆ. ಅವರು ಒಳಗೆ ಹೋಗಿ ಅಂಗಿ ತೆಗೆದುಕೊಂಡರು, ಅಕ್ಕ ಹಿಡಿಯಲು ಬಂದರೆ ಬೇಡವೆಂದು ಒಬ್ಬರೇ ತೊಡಲು ಹೆಣಗಿದರು, ಆಗಲಿಲ್ಲ, ಅಂಗಿಯನ್ನು ಹೆಗಲ ಮೇಲೆ ಎಸೆದುಕೊಂಡು ಹೊರಟುಹೋದರು.

ಮಾರನೆಯ ದಿನ ರೇಸು ನಡೆಯಿತು. ನಾವ್ಯಾರೂ ಹೋಗಲಿಲ್ಲ. ದಂಡಿನ ಹುಡುಗನೊಬ್ಬ ಗೆದ್ದನಂತೆ, ಅವನ ಓಟ ಭಾವನ ಹಿಂದಿನ ವರ್ಷದ ಓಟದಷ್ಟೂ ಇರಲಿಲ್ಲವಂತೆ. ಅದನ್ನು ಯಾರೋ ಬಂದು ಭಾವನಿಗೇ ಹೇಳಿದರು. ಸುಗ್ಗಿಯ ಕಣದ ಕೆಲಸ ಪೂರ್ತಿ ಮುಗಿಯುವವರೆಗೂ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು. ಒಂದೇ ಶೆಡ್ಡು, ಒಂದೇ ಮನೆ, ಒಂದೇ ಪಂಕ್ತಿಯಲ್ಲಿ ಊಟ, ಆದರೆ ಮಾತಿಲ್ಲ. ಮುಂದಿನ ವರ್ಷ ಆಗಲಿ ಎಂದು ನಾನು ಮನಸ್ಸಿನಲ್ಲಿ ಹೇಳಿಕೊಂಡೆ. ಮುಂದಿನ ವರ್ಷದ ಹೊತ್ತಿಗೆ ವಿಮಾನದ ಪಟ್ಟಿಯ ಜಲ್ಲಿಯನ್ನು ರಸ್ತೆಗೆಂದು ಅಗೆದು ಸಾಗಿಸಿದ್ದರು, ಉಳಿದ ನೆಲದಲ್ಲಿ ಹುರುಳಿ ಚೆಲ್ಲಿದ್ದರು. ರೇಸೂ ಇಲ್ಲ, ಗೀಸೂ ಇಲ್ಲ. ಮೋಟಾರ್ ಸೈಕಲ್ಲನ್ನು ಭಾವ ಮಾರಿಬಿಟ್ಟರು.

ಅದಕ್ಕೂ ಮುಂಚೆ, ಭಾವನ ಮಾತು 'ಹೂಂ', 'ಉಹೂಂ'ಗೆ ಬಂದಿದ್ದ ಕಾಲದಲ್ಲಿ, ಹೆಸರು ಹಾಕುವವನು ಬಸ್ಸಿಗೆ ಕಾಯುತ್ತಾ ನಮ್ಮ ಶೆಡ್ಡಿನ ನೆರಳಿಗೆ ಬಂದು ಕೂತ. ನನ್ನ ಸಿಟ್ಟಿಗೆ ಒಬ್ಬ ಸಿಕ್ಕಿದ.

"ಅಲ್ಲಯ್ಯಾ, ಉಕ್ಕಿನ ಮೇಲೆ ಉಳಿ ಇಡೋಕೆ ಮುಂಚೆ ಒಂದು ಮಾತು ಕೇಳ್ಬಾರ್ದಾ?"

"ಕೇಳ್ದೆ ಅಣ್ಣ. ಉದ್ದ ಕಾಲಿನ ಮೇಲಾದ್ರೆ ಸಲೀಸು, ಇಲ್ಲಿ ಇಳಿಜಾರು ಐತೆ, ಉಳಿ ಜಾರ್ತದೆ ಅಂದೆ. ಅಮ್ಮಾವ್ರು ಒಪ್ಲಿಲ್ಲ. ಬೊಟ್ಟಿಟ್ಟು ತೋರಿಸಿದ್ರು, ಇಲ್ಲೇ ಹಾಕು ಅಂತ. ಒಂದು ಚುಕ್ಕೀನಾದ್ರೂ ಆಳವಾಗಿ ಬೀಳ್ಲಿ ಅಂತ. ನನ್ನ ಎರಡು ಉಳಿ ಮೊಂಡಾದ್ವು."

ನಾನು ಕೈಲಿದ್ದ ಸ್ಪ್ಯಾನರ್ ಅಲ್ಲೇ ಬಿಟ್ಟು ಮನೆಗೆ ನಡೆದೆ. ನಡೆದೆನೋ ಓಡಿದೆನೋ.

ಅಕ್ಕ ಹಟ್ಟಿಯಲ್ಲಿ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ನಾನು ಎದುರು ನಿಂತೆ.

"ನೀನೇ ಜಾಗ ತೋರಿಸಿದ್ಯಂತೆ."

"ಹೂಂ," ಎಂದಳು. ಕೇರುವುದನ್ನು ನಿಲ್ಲಿಸಲಿಲ್ಲ.

"ಯಾಕೆ?"

"ನೀನೇ ಹೇಳಿದ್ಯಲ್ಲ. ವಾಲ್ವು ಗಟ್ಟಿ ಮಾಡ್ದೆ, ಪೆಟ್ಟು ಸ್ಪ್ರಿಂಗಿಗೆ ಹೋಯ್ತು. ಅದನ್ನ ಗಟ್ಟಿ ಮಾಡ್ದೆ, ಕಡ್ಡಿಗೆ ಹೋಯ್ತು. ಅದನ್ನೂ ಮಾಡ್ದೆ. ಎಲ್ಲಾ ಗಟ್ಟಿ ಆದ್ಮೇಲೆ ಏನೂ ಮುರಿಯೋಲ್ಲ ಅಂದೆ. ಅದರ ಮೇಲೆ ಕೂತಿರೋರನ್ನ ನೀನು ಲೆಕ್ಕಕ್ಕೇ ಹಿಡೀಲಿಲ್ಲ ಕಣೋ. ಅವ್ರನ್ನ ಯಾವ ಉಕ್ಕಲ್ಲಿ ಮಾಡ್ತೀಯ?"

ನಾನು ಅವಳ ಕೈಯ ಮೊರ ಹಿಡಿದು ನಿಲ್ಲಿಸಿದೆ. "ನಾನು ನೋಡದೆ ಜೋಡಿಸ್ಬಿಟ್ಟಿದ್ರೆ ಅಕ್ಕ? ಕತ್ತಲ್ಲಿ ಕಚ್ಚು ಇಟ್ಕೊಂಡು ಅವ್ರು ಹತ್ತಿ ಹೋಗಿದ್ರೆ?"

ಅವಳು ಮೊರವನ್ನು ಕೆಳಗಿಟ್ಟಳು. "ನೀನು ನೋಡದೆ ಜೋಡಿಸೋನಾ? ಕೂದಲೆಳೆ ಗೀರಿಗೆ ಸ್ಪ್ರಿಂಗ್ ಎತ್ತಿ ಹಿತ್ತಲಿಗೆ ಎಸೆದೋನು ನೀನು. ಇನ್ಯಾರ ಕೈಗಾದ್ರೂ ಹೋಗೋದಾಗಿದ್ರೆ ನಾನು ಮುಟ್ತಾನೇ ಇರ್ಲಿಲ್ಲ. ನಾನು ಬೇಡ ಅಂದ್ರೆ ಅವ್ರು ಕೇಳೋಲ್ಲ. ನೀನು ಬೇಡ ಅಂದ್ರೆ ಎಂಜಿನ್ನೇ ಇಲ್ಲ. ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ಬದುಕಿರ್ಲಿ ಬಿಡು."

ನನಗೆ ಅಳುವೂ ಬಂತು, ಅವಳ ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟೂ ಬಂತು. ವರ್ಷವೆಲ್ಲ ನಾನು ಒಂದೊಂದು ಭಾಗವನ್ನೂ ಆರಿಸಿ, ಕಾಯಿಸಿ, ಎಳೆದು, ಇದು ತಡೆಯುತ್ತದೆ ಎಂದು ಖಾತ್ರಿಯಾದ ಮೇಲೆ ಜೋಡಿಸಿದ್ದೆ. ಅವಳೂ ಅದೇ ಕೆಲಸ ಮಾಡಿದ್ದಳು. ಅವಳು ಆರಿಸಿಕೊಂಡ ಭಾಗ ನಾನಾಗಿದ್ದೆ. ಗಂಡನ ಜೀವವನ್ನೇ ತೂಗುಬಿಟ್ಟು ಪರೀಕ್ಷೆ ಮಾಡಿದ್ದಳು. ಆ ಸಿಟ್ಟು ಈಗಲೂ ನನಗೆ ಪೂರ್ತಿ ಇಳಿದಿಲ್ಲ. ಅವತ್ತು ಶೆಡ್ಡಿಗೆ ವಾಪಸ್ಸು ಹೋಗದೆ ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ತಿರುಗಾಡಿದೆ.

ಭಾವನಿಗೆ ನಾವಿಬ್ಬರೂ ಹೇಳಲಿಲ್ಲ. ಅವರು ತುಂಬು ವಯಸ್ಸಿನವರೆಗೂ ಬದುಕಿದರು, ಬಸ್ಸು ಓಡಿಸಿದರು, ಮೊಮ್ಮಕ್ಕಳನ್ನು ಬಲ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದರು. ಆ ವಾಲ್ವು ಎಂಜಿನ್ನಿನ ಒಳಗನ್ನು ಕಾಣಲೇ ಇಲ್ಲ. ಅಕ್ಕ ಅದರಿಂದ ಮೆಣಸು, ಶುಂಠಿ ಜಜ್ಜುತ್ತಿದ್ದಳು, ಅದಕ್ಕಿಂತ ಒಳ್ಳೆಯ ಕುಟ್ಟಾಣಿ ಇಲ್ಲ ಎನ್ನುತ್ತಿದ್ದಳು. ಈಗ ಇಬ್ಬರೂ ಇಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮುದಿತನದಲ್ಲಿ ಭಾವ ಬೆಳಗ್ಗೆ ಒಲೆಯ ಹತ್ತಿರ ಕೂತು, ಆ ವಾಲ್ವನ್ನು ಕೈಗೆ ತೆಗೆದುಕೊಂಡು, ಕತ್ತಿನ ಮೇಲೆ ಹೆಬ್ಬೆರಳು ಆಡಿಸಿ ಆ ಒಂದು ಚುಕ್ಕಿಯನ್ನು ಹುಡುಕುತ್ತಿದ್ದರು. ಕಣ್ಣು ಮಂಜಾಗಿತ್ತು, ಬೆರಳಿಗೆ ಮಾತ್ರ ತಪ್ಪದೆ ಸಿಗುತ್ತಿತ್ತು. "ಇದೊಂದು ಇಲ್ದೇ ಇದ್ದಿದ್ರೆ ಅವತ್ತು ಗೆದ್ದಿರ್ತಿದ್ದೆ," ಎಂದು ನನ್ನ ಕಡೆ ನೋಡುತ್ತಿದ್ದರು. ನಾನು ಕಾಫಿ ಲೋಟ ಹಿಡಿದು ಎದ್ದು ಬಾಗಿಲ ಕಡೆ ನಡೆಯುತ್ತಿದ್ದೆ. ಅಕ್ಕ ಅಂಗಿಯ ತೋಳು ಹಿಡಿದು ಅವರ ಪಕ್ಕಕ್ಕೆ ಬಂದು, "ಗೆದ್ದಿರ್ತಿದ್ರಿ. ಈಗ ಕೈ ತೂರಿಸಿ," ಎನ್ನುತ್ತಿದ್ದಳು.